ಸ್ಟಾಲ್ ಆಗುವುದು ವೇಗ ಕಡಿಮೆಯಾದಾಗ ಮಾತ್ರವಾ?

ಪ್ರಶ್ನೆ: ಸರ್, ಎರಡು ವಾರದಿಂದ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ನಮ್ಮ ಕೈಪಿಡಿಯಲ್ಲಿ ಸ್ಟಾಲ್ ವೇಗ 50 ನಾಟ್ ಎಂದಿದೆ. 50ಕ್ಕಿಂತ ಮೇಲಿದ್ದರೆ ಭಯವಿಲ್ಲ, ಅಲ್ವಾ? ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಾ?

ಉತ್ತರ (ಪೈಲಟ್ ತರಬೇತುದಾರ): ಎಂಜಿನ್‌ಗೂ ಇದಕ್ಕೂ ಸಂಬಂಧ ಇಲ್ಲ. ಸ್ಟಾಲ್ ಆಗುವುದು ರೆಕ್ಕೆ. ವಿಮಾನವನ್ನು ಮೇಲಕ್ಕೆ ಎತ್ತಿಹಿಡಿಯುವ ರೆಕ್ಕೆಯ ಬಲ, ಅಂದರೆ ಲಿಫ್ಟ್, ಕುಸಿಯುವುದೇ ಸ್ಟಾಲ್.

50 ನಾಟ್ ಅನ್ನುವುದು ಪೂರ್ತಿ ತೂಕ ಹೊತ್ತು ನೇರವಾಗಿ ಹಾರುವಾಗಿನ ಲೆಕ್ಕ. ನಿಜವಾದ ಮಿತಿ ಇರುವುದು ಕೋನಕ್ಕೆ. ಎದುರು ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನವೇ ಆಂಗಲ್ ಆಫ್ ಅಟ್ಯಾಕ್. ವೇಗ ಅರ್ಧಕ್ಕಿಳಿದರೆ ಅದೇ ಕೋನದಲ್ಲಿ ಲಿಫ್ಟ್ ಕಾಲು ಭಾಗಕ್ಕೆ ಬೀಳುತ್ತದೆ. ಎತ್ತರ ಕಳೆದುಕೊಳ್ಳಬಾರದು ಅಂತ ಪೈಲಟ್ ಕೋನ ಹೆಚ್ಚಿಸುತ್ತಾ ಹೋಗುತ್ತಾನೆ. ಸಾಮಾನ್ಯ ರೆಕ್ಕೆಯಲ್ಲಿ ಸುಮಾರು 15 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುವುದಿಲ್ಲ, ಕಿತ್ತುಕೊಂಡು ಸುಳಿಯಾಗುತ್ತದೆ. ಆಗ ಲಿಫ್ಟ್ ಕುಸಿಯುತ್ತದೆ.

ಇದು ಯಾವ ವೇಗದಲ್ಲಾದರೂ ಆಗಬಹುದು. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿ ನೋಡಿ. ರೆಕ್ಕೆ ಎರಡರಷ್ಟು ಭಾರ ಹೊರಬೇಕು. ನಿಮ್ಮ 50 ನಾಟ್ ಅಲ್ಲಿ 70 ಆಗಿರುತ್ತದೆ!

ಪ್ರಶ್ನೆ: ಹಾಗಾದರೆ ಮೂತಿ 15 ಡಿಗ್ರಿಗಿಂತ ಜಾಸ್ತಿ ಎತ್ತದಿದ್ದರೆ ಸಾಕಾ?

ಉತ್ತರ: ಸಾಲದು. ಹೊಸಬರು ಎಡವುವುದೇ ಇಲ್ಲಿ. ಮೂತಿ ದಿಗಂತಕ್ಕಿಂತ ಎಷ್ಟು ಮೇಲಿದೆ ಅನ್ನುವುದು ಒಂದು, ವಿಮಾನ ಯಾವ ದಿಕ್ಕಿಗೆ ಸಾಗುತ್ತಿದೆ ಅನ್ನುವುದು ಇನ್ನೊಂದು.

2009ರ ಜೂನ್ 1ರಂದು ಏರ್ ಫ್ರಾನ್ಸ್ 447 ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನ ತೀರಿಕೊಂಡರು. ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ ವೇಗದ ಮಾಹಿತಿ ತಪ್ಪಾಯಿತು. ಆ ಗೊಂದಲದಲ್ಲಿ ವಿಮಾನ ಸುಮಾರು 38,000 ಅಡಿಗೆ ಏರಿ ಸ್ಟಾಲ್ ಆಯಿತು. ಎಂಜಿನ್‌ಗಳು ಓಡುತ್ತಲೇ ಇದ್ದವು. ನೀರಿಗೆ ಬಡಿದಾಗ ಮೂತಿ ಸುಮಾರು 16 ಡಿಗ್ರಿಯಷ್ಟೇ ಮೇಲಿತ್ತು. ಆದರೆ ವಿಮಾನ ಕೆಳಕ್ಕೆ ಬೀಳುತ್ತಿದ್ದುದರಿಂದ ಗಾಳಿ ಕೆಳಗಿನಿಂದ ಹೊಡೆಯುತ್ತಿತ್ತು, ಕೋನ 35 ಡಿಗ್ರಿ ಮೀರಿತ್ತು. ಬೀಳುವಾಗ ಬಹುಪಾಲು ಸಮಯ ಸ್ಟಿಕ್ಕನ್ನು (ಮೂತಿ ಏರಿಸಿ ಇಳಿಸುವ ಹಿಡಿಯನ್ನು) ಹಿಂದಕ್ಕೆ, ಅಂದರೆ ಮೂತಿ ಏರುವಂತೆ, ಎಳೆಯಲಾಗಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಅಂದರೆ ಸ್ಟಾಲ್‌ನಿಂದ ಹೊರಬರಲು ಮೂತಿ ಇಳಿಸಬೇಕು. ನೆಲ ಹತ್ತಿರವಿದ್ದಾಗ ಹಾಗೆ ಇಳಿಸಲು ಧೈರ್ಯ ಬರುತ್ತಾ ಸರ್?

ಉತ್ತರ: ಸುಮ್ನೆ ಬರುವುದಿಲ್ಲ, ಅಭ್ಯಾಸ ಬೇಕು. ಎಳೆದರೆ ಕೋನ ಇನ್ನೂ ಹೆಚ್ಚುತ್ತದೆ. ಮೊದಲು ಸ್ಟಿಕ್ ಮುಂದಕ್ಕೆ ತಳ್ಳಿ ಕೋನ ಇಳಿಸಿ. ಆಮೇಲೆ ರೆಕ್ಕೆ ಸಮ ಮಾಡಿ, ಪವರ್ ಕೊಡಿ. ಮುಂದಿನ ಪಾಠದಲ್ಲಿ ಸಾಕಷ್ಟು ಎತ್ತರಕ್ಕೆ ಹೋಗಿ ತಿರುವಿನ ಸ್ಟಾಲ್ ತೋರಿಸಿ ಅಂತ ನಿಮ್ಮ ತರಬೇತುದಾರರನ್ನು ಕೇಳಿ. ಎಚ್ಚರಿಕೆಯ ಹಾರ್ನ್ ಕೂಗಿದ ತಕ್ಷಣ ಸ್ಪೀಡ್ ಮೀಟರ್ ನೋಡಿಕೊಳ್ಳಿ. ಅಲ್ಲಿ 50 ಇರುವುದಿಲ್ಲ.