ಪ್ರಾರ್ಥನೆಗೆ ಮಾತೇ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಪಾರ್ಶ್ವವಾಯು ಆದ ಮೇಲೆ ಅಮ್ಮ ಹಾಸಿಗೆ ಹಿಡಿದಿದ್ದಾರೆ. ರಾತ್ರಿಯೆಲ್ಲಾ ಅವರ ಮಗ್ಗುಲು ಬದಲಿಸಬೇಕು, ಹಗಲು ಕೆಲಸ. ಮೊದಲೆಲ್ಲ ದಿನಾ ಬೈಬಲ್ ಓದುತ್ತಿದ್ದೆ. ಈಗ ಮೊಣಕಾಲೂರಿದರೆ ನಿದ್ದೆ, ಇಲ್ಲವೇ ಸಿಟ್ಟು. ‘ದೇವರ ಚಿತ್ತ, ಸಂತೋಷವಾಗಿರು’ ಅಂತ ಸಭೆಯವರು (ನಮ್ಮ ಚರ್ಚಿನವರು) ಹೇಳಿದರೆ ಎದ್ದು ಹೋಗೋಣ ಅನ್ನಿಸುತ್ತದೆ. ನನ್ನ ನಂಬಿಕೆ ಹೋಯಿತಾ?

ಉತ್ತರ 1:
ಆ ಸಿಟ್ಟನ್ನೇ ದೇವರಿಗೆ ಹೇಳಿ. ಸುಮ್ನೆ ಹೇಳುತ್ತಿಲ್ಲ, ಬೈಬಲಿನ ಕೀರ್ತನೆಗಳಲ್ಲಿ 88ನೆಯದನ್ನು ಓದಿ ನೋಡಿ. ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಬೈಬಲಿನಲ್ಲಿದೆ, ಅಲ್ವಾ? ಯೇಸು ಶಿಲುಬೆಯ ಮೇಲೆ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಮಾತು, ಯಾಕೆ ಕೈಬಿಟ್ಟೆ ಅಂತ. ನನ್ನ ಗಂಡ ತೀರಿಕೊಂಡ ವರ್ಷ ನಾನು ಓದಿದ್ದು ಇವೆರಡನ್ನೇ ಜಾಸ್ತಿ. ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ. ಸಮಾಧಾನ ತಕ್ಷಣ ಬರಲಿಲ್ಲ. ಆದರೆ ನಟಿಸುವುದು ತಪ್ಪಿತು, ಅದೇ ದೊಡ್ಡ ಬಲ.

ಉತ್ತರ 2:
ಮೊದಲು ನಿದ್ದೆ ಮಾಡಿ! ಸಾವು ಬರಲಿ ಅಂತ ಪ್ರವಾದಿ ಎಲೀಯ ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ (1 ಅರಸುಗಳು 19). ಸಭೆಯವರನ್ನು ನೇರವಾಗಿ ಕೇಳಿ, ವಾರಕ್ಕೊಂದು ರಾತ್ರಿ ಅಮ್ಮನ ಹತ್ತಿರ ಯಾರು ಇರುತ್ತೀರಿ ಅಂತ.

ಉತ್ತರ 3:
ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯನ್ನು ‘ಮುಳ್ಳು’ ಅಂತ ಕರೆದು, ಅದನ್ನು ತೆಗೆ ಅಂತ ಅಪೊಸ್ತಲ ಪೌಲ ಮೂರು ಸಲ ಬೇಡಿದ. ಅದು ಹೋಗಲಿಲ್ಲ, ಕೃಪೆ ಸಾಕು ಅನ್ನುವ ಉತ್ತರ ಸಿಕ್ಕಿತು (2 ಕೊರಿಂಥ 12). ಬೇಡಿದ್ದಕ್ಕೆ ಬೈಗುಳವಂತೂ ಸಿಗಲಿಲ್ಲ.

ಪ್ರಶ್ನೆ ಕೇಳಿದವರು:
88ನೇ ಕೀರ್ತನೆ ಓದಿದೆ, ಅತ್ತುಬಿಟ್ಟೆ. ಶನಿವಾರ ರಾತ್ರಿ ಇರಲು ಸಭೆಯ ಒಬ್ಬ ಅಕ್ಕ ಒಪ್ಪಿದ್ದಾರೆ.