ಸಂಜೆಮಲ್ಲಿಗೆ, ದಾಸವಾಳಗಳ ಮಿಶ್ರತಳಿ: ಮನೆಯಲ್ಲಿ ಮಾಡಿ ನೋಡಿದವರು ಅನುಭವ ತಿಳಿಸಿ

ಪ್ರಶ್ನೆ, ಚಿಂತಾಮಣಿಯಿಂದ

ನಮ್ಮ ಹಿತ್ತಲಿನಲ್ಲಿ ಕೆಂಪು ಮತ್ತು ಬಿಳಿ ಸಂಜೆಮಲ್ಲಿಗೆಯೂ ಕೆಲವು ಬಣ್ಣದ ದಾಸವಾಳಗಳೂ ಇವೆ. ಒಂದೇ ಜಾತಿಯ ಎರಡು ಗಿಡಗಳನ್ನು ಕೂಡಿಸಿ, ಬೀಜದಿಂದಲೇ ಹೊಸ ಬಣ್ಣದ ಹೂ ಬೆಳೆಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಈ ಬೇಸಿಗೆಯಲ್ಲಿ ದಾಸವಾಳಕ್ಕೆ ಪರಾಗ ಮುಟ್ಟಿಸಿದಾಗಲೆಲ್ಲ ಕಾಯಿ ಕಟ್ಟಿದಂತೆ ಕಂಡು ಉದುರಿಹೋಯಿತು. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ, ಕುಣಿಗಲ್‌ನಿಂದ

ಮೇಡಂ, ಸಂಜೆಮಲ್ಲಿಗೆಯಿಂದಲೇ ಆರಂಭಿಸಿ. ಬಿತ್ತಿದ ಎರಡು ಮೂರು ತಿಂಗಳಲ್ಲಿ ಹೂ ಬಿಡುವ ಗಿಡವಾದ್ದರಿಂದ, ಕೈಗೂಡಿದೆಯೋ ಇಲ್ಲವೋ ಎಂಬುದು ಅದೇ ವರ್ಷ ಗೊತ್ತಾಗುತ್ತದೆ. ಬೇಲಿಯ ಪಕ್ಕ ತಾನಾಗಿ ಹುಟ್ಟುವ ಗಿಡವೆಂದು ಇದನ್ನು ಕಡೆಗಣಿಸಬಾರದು. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಬಗ್ಗೆ ಮೆಂಡೆಲ್ ಎಂಬ ವಿಜ್ಞಾನಿ ಕಂಡುಕೊಂಡಿದ್ದ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದ ಮೂವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್ ಕೊರೆನ್ಸ್ ತಮ್ಮ ಅಧ್ಯಯನಕ್ಕೆ ಆರಿಸಿಕೊಂಡ ಗಿಡಗಳಲ್ಲಿ ಇದೂ ಒಂದು. ಶುದ್ಧ ಕೆಂಪನ್ನು ಶುದ್ಧ ಬಿಳಿಯೊಂದಿಗೆ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಗುಲಾಬಿ ಬಣ್ಣದ ಹೂ ಬರುತ್ತದೆ. ಆ ಗಿಡಗಳ ಬೀಜವನ್ನು ಬಿತ್ತಿದರೆ ಸರಾಸರಿ ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ ಆಗುತ್ತವೆ.

ಇಲ್ಲಿ ಶುದ್ಧ ಎಂಬುದೇ ಮುಖ್ಯ. ಹಳದಿ ಹೂವಿನವು, ಗೆರೆ ಮತ್ತು ಚುಕ್ಕೆ ಇರುವವು ಎಲ್ಲವೂ ಒಂದೇ ಹಿತ್ತಲಿನಲ್ಲಿ ಬೆಳೆದಿದ್ದರೆ ಯಾವ ಗಿಡದ ಮೂಲ ಏನೆಂದು ಹೂ ನೋಡಿ ಹೇಳಲಾಗದು. ಆದ್ದರಿಂದ ತಾಯಿ ಮತ್ತು ತಂದೆ ಎಂದು ಆರಿಸಿದ ಗಿಡಗಳ ಕೆಲವು ಮೊಗ್ಗುಗಳಿಗೆ ಚೀಲ ಕಟ್ಟಿ, ಅವುಗಳದೇ ಪರಾಗದಿಂದಾದ ಬೀಜವನ್ನು ಮೊದಲು ಬಿತ್ತಿ, ಮರಿಗಿಡಗಳೆಲ್ಲ ಒಂದೇ ಬಣ್ಣ ಕೊಡುತ್ತವೆಯೇ ಎಂದು ನೋಡಿಕೊಳ್ಳಿ. ಗೆರೆ ಚುಕ್ಕೆಗಳ ಗಿಡ ಎಷ್ಟೇ ಚೆಂದವಿದ್ದರೂ ಕಲಿಯುವ ಹಂತದಲ್ಲಿ ಬೇಡ.

ಆ ಸಂಜೆ ಅರಳಲಿರುವ ಮೊಗ್ಗು ಮಧ್ಯಾಹ್ನವೇ ಬಣ್ಣ ತೋರಿಸಿ ಉದ್ದವಾಗಿರುತ್ತದೆ. ತಾಯಿಗಿಡದಲ್ಲಿ ಅಂಥ ಮೊಗ್ಗನ್ನು ಮೂರು ಗಂಟೆಯೊಳಗೆ ಸೂಜಿಯಿಂದ ಉದ್ದಕ್ಕೆ ಸೀಳಿ, ಒಳಗಿನ ಕೇಸರಗಳನ್ನು (ಪರಾಗ ಹೊತ್ತ ಎಳೆಗಳು, ಸಾಮಾನ್ಯವಾಗಿ ಐದಿರುತ್ತವೆ) ಚಿಮುಟದಿಂದ ತೆಗೆಯಬೇಕು. ನಡುವಿನ ಶಲಾಕೆಗೆ (ತುದಿಯಲ್ಲಿ ಪರಾಗವನ್ನು ಹಿಡಿಯುವ ಹೆಣ್ಣು ಭಾಗದ ದಂಟು) ಪೆಟ್ಟಾಗಬಾರದು. ಅರಳುವವರೆಗೆ ಕಾದರೆ ಪರಾಗ ಉದುರತೊಡಗಿರುತ್ತದೆ. ಕೇಸರಗಳನ್ನು ಹಾಗೆಯೇ ಬಿಟ್ಟರಂತೂ ಹೂ ಮುದುಡುವಾಗ ಅವು ಶಲಾಕೆಯೊಂದಿಗೆ ಸುರುಳಿ ಸುತ್ತಿಕೊಂಡು ಸ್ವಂತ ಪರಾಗವನ್ನೇ ಮುಟ್ಟಿಸಿಬಿಡುತ್ತವೆ. ಕತ್ತಲಾಗುತ್ತಲೇ ಪತಂಗಗಳು ಬರುವುದರಿಂದ ಮೊಗ್ಗಿಗೆ ತೆಳುಬಟ್ಟೆಯ ಸಣ್ಣ ಚೀಲ ಕಟ್ಟಿ. ತಂದೆಗಿಡದ ಹೂ ಅರಳಿ ಪರಾಗ ಬಿಟ್ಟಾಗ ಅದನ್ನು ಶಲಾಕೆಯ ತುದಿಗೆ ಮುಟ್ಟಿಸಿ, ಮರುದಿನ ಬೆಳಗಿನವರೆಗೆ ಚೀಲವನ್ನು ಮತ್ತೆ ಕಟ್ಟಿಡಿ. ಒಂದು ಹೂವಿಗೆ ಒಂದೇ ಬೀಜವಾದ್ದರಿಂದ ಇದನ್ನು ಅನೇಕ ಹೂಗಳಿಗೆ ಮಾಡಬೇಕು. ಕಪ್ಪಾದ ಬೀಜ ಬೇಗ ಉದುರುತ್ತದೆ, ಅಷ್ಟರಲ್ಲಿ ಬಿಡಿಸಿಕೊಳ್ಳಿ. ಈ ಬೀಜವೂ ಬೇರೂ ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎಚ್ಚರ ಬೇಕು.

ಉತ್ತರ, ಮಾಲೂರಿನಿಂದ

ನಾನು ದಾಸವಾಳದ ವಿಷಯವನ್ನಷ್ಟೇ ಹೇಳುತ್ತೇನೆ. ಕಾಯಿ ಉದುರಲು ಮೊದಲ ಕಾರಣ ಬಿಸಿಲು. ಚಿಕ್ಕಬಳ್ಳಾಪುರ, ತುಮಕೂರು, ಕೋಲಾರ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಉಷ್ಣಾಂಶ 35 ಡಿಗ್ರಿ ದಾಟುವುದು ಸಾಮಾನ್ಯ, ಆ ಬಿಸಿಲಿಗೆ ಎಳೆಗಾಯಿ ನಿಲ್ಲುವುದು ಕಷ್ಟ. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಂಪಿನಲ್ಲಿ ಬೆಳಿಗ್ಗೆ, ಹೂ ಪೂರ್ತಿ ಅರಳಿ ಹಳದಿ ಪರಾಗ ಬೆರಳಿಗೆ ಅಂಟುವ ಹೊತ್ತಿಗೆ, ಶಲಾಕೆಯ ತುದಿಯ ಐದೂ ಗುಂಡುಗಳಿಗೆ ಅದನ್ನು ಧಾರಾಳವಾಗಿ ಮುಟ್ಟಿಸಿ.

ಎರಡನೆಯ ಕಾರಣ ಜೋಡಿ. ದಾಸವಾಳದಲ್ಲಿ ವರ್ಣತಂತುಗಳ (ಜೀವಕೋಶದಲ್ಲಿ ಗುಣಗಳನ್ನು ಹೊರುವ ಎಳೆಗಳು, ಕ್ರೋಮೋಸೋಮ್) ಸಂಖ್ಯೆ ತಳಿಯಿಂದ ತಳಿಗೆ ಬಹಳ ಬೇರೆಯಾಗಿರುವುದರಿಂದ ಎಲ್ಲ ಜೋಡಿಯೂ ಬೀಜ ಕಟ್ಟುವುದಿಲ್ಲ. ಪೂಜೆಗೆ ಬೆಳೆಸುವ ನಮ್ಮ ಹಳೆಯ ಕೆಂಪು ದಾಸವಾಳದಲ್ಲಿ ಕಾಯಿ ಕಾಣುವುದೇ ಅಪರೂಪ, ಸುತ್ತು ದಾಸವಾಳದಲ್ಲಂತೂ ಕೇಸರಗಳೇ ದಳಗಳಾಗಿಬಿಟ್ಟಿರುತ್ತವೆ. ನರ್ಸರಿಗಳಲ್ಲಿ ಸಿಗುವ ದೊಡ್ಡ ಹೂವಿನ ಒಂಟಿ ಸುತ್ತಿನ ಹೈಬ್ರಿಡ್ ಗಿಡವನ್ನು ತಾಯಿಯಾಗಿ ಇಟ್ಟುಕೊಳ್ಳುವುದು ಲೇಸು. ಸುಮಾರು ಎರಡು ತಿಂಗಳಿಗೆ ಕಾಯಿ ಒಣಗಿ ಬಿರಿಯುತ್ತದೆ. ಬೀಜ ಚೆಲ್ಲದಂತೆ ಮೊದಲೇ ಬಲೆ ಬಟ್ಟೆ ಕಟ್ಟಿರಬೇಕು. ಬೀಜದ ಗುಂಡನೆಯ ಬದಿಯ ಸಿಪ್ಪೆಯನ್ನು ಉಗುರು ಕತ್ತರಿಯಿಂದ ಚೂರೇ ಚೂರು ಚಿವುಟಿ, ಒಂದು ರಾತ್ರಿ ನೆನೆಸಿ ಬಿತ್ತಿದರೆ ಮೊಳಕೆ ಬೇಗ ಬರುತ್ತದೆ. ಮೊದಲ ಹೂವಿಗೆ ಒಂದರಿಂದ ಎರಡು ವರ್ಷ ಬೇಕಾಗಬಹುದು, ಒಂದೇ ಕಾಯಿಯ ಮರಿಗಳು ಒಂದರಂತೆ ಒಂದು ಇರುವುದಿಲ್ಲ. ಬಹುಪಾಲು ಗಿಡಗಳು ಸಾಧಾರಣವಾಗಿರುತ್ತವೆ. ಮನಸ್ಸಿಗೆ ಬಂದ ಒಂದನ್ನು ಕಡ್ಡಿ ನೆಟ್ಟು ಅಥವಾ ಕಸಿ ಕಟ್ಟಿ ಉಳಿಸಿಕೊಳ್ಳಬೇಕು. ಎಳೆಗಿಡಗಳಿಗೆ ಹಿಟ್ಟು ತಿಗಣೆಯ ಕಾಟ ಜಾಸ್ತಿ, ಎಲೆಯ ಅಡಿಭಾಗವನ್ನು ಆಗಾಗ ನೋಡುತ್ತಿರಿ.

ಉತ್ತರ, ತಿಪಟೂರಿನಿಂದ

ಮೇಲಿನವರು ಹೇಳದ ಎರಡು ಮಾತು. ನಮ್ಮ ಕಡೆಯ ಕೊಳವೆಬಾವಿ ನೀರು ಗಡಸು; ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬಿತ್ತಿದ ಸಸಿಗಳಿಗೆ ಅದನ್ನೇ ಹಾಕುತ್ತಿದ್ದರೆ ಉಪ್ಪು ಕೂಡಿಕೊಂಡು ಎಲೆಯಂಚು ಸುಡುತ್ತದೆ, ಸಾಧ್ಯವಾದಷ್ಟು ಮಳೆನೀರು ಹಿಡಿದಿಟ್ಟು ಬಳಸಿ. ಪರಾಗ ಮುಟ್ಟಿಸಿದ ಹೂವಿಗೆ ಕಟ್ಟುವ ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ಗುಣಾಕಾರದ ಚಿಹ್ನೆ, ಆಮೇಲೆ ತಂದೆಯ ಹೆಸರು ಮತ್ತು ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ.

ಚಿಂತಾಮಣಿಯಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಸಂಜೆಮಲ್ಲಿಗೆಯ ಗುಲಾಬಿ ಹೂವೇ ಇಷ್ಟವಾದರೆ, ಅದರ ಬೀಜವನ್ನೇ ಪ್ರತಿವರ್ಷ ಬಿತ್ತುತ್ತಾ ಹೋಗಬಹುದೇ?

ಕುಣಿಗಲ್‌ನಿಂದ

ಬಿತ್ತಬಹುದು, ಆದರೆ ಎಲ್ಲವೂ ಗುಲಾಬಿಯಾಗುವುದಿಲ್ಲ. ರೇಷ್ಮೆಯಲ್ಲಿಯೂ ಇದೇ ಕ್ರಮವಿದೆ: ನಮ್ಮ ಭಾಗದಲ್ಲಿ ಮೈಸೂರು ತಳಿಯ ಬಿತ್ತನೆ ಗೂಡು (ಮೊಟ್ಟೆ ತಯಾರಿಗೆ ಬೇಕಾದ ಗೂಡು) ಬೆಳೆಯುತ್ತಾರೆ, ಆ ತಳಿಯ ಹೆಣ್ಣು ಚಿಟ್ಟೆಯನ್ನು ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆಯ ತಳಿ, ಬೈವೋಲ್ಟೈನ್) ಗಂಡಿನೊಂದಿಗೆ ಕೂಡಿಸಿ ಮಿಶ್ರತಳಿಯ ಮೊಟ್ಟೆ ತಯಾರಾಗುತ್ತದೆ, ರೈತರು ಪ್ರತಿ ಬೆಳೆಗೂ ಹೊಸ ಮೊಟ್ಟೆಯನ್ನೇ ತರುತ್ತಾರೆ. ನೀವೂ ಶುದ್ಧ ಕೆಂಪು ಮತ್ತು ಶುದ್ಧ ಬಿಳಿ ಗಿಡಗಳನ್ನು ಬೇರೆಬೇರೆಯಾಗಿ ಕಾಪಾಡಿಕೊಂಡು, ಬೇಕಾದಾಗ ಮತ್ತೆ ಕೂಡಿಸಬೇಕು. ಅದು ಬೇಡವೆನಿಸಿದರೆ ಗುಲಾಬಿ ಗಿಡದ ಗೆಡ್ಡೆಯಂಥ ಬೇರನ್ನು ಗಿಡ ಒಣಗಿದ ಮೇಲೆ ಅಗೆದು, ಒಣ ಮರಳಿನಲ್ಲಿಟ್ಟು, ಮುಂಗಾರಿಗೆ ಮುಂಚೆ ನೆಡಿ; ಅದೇ ಬಣ್ಣದ ಹೂ ಬರುತ್ತದೆ.