ಟೋಕಿಯೊದ ಬೀದಿಯಲ್ಲಿ ಜನರ ಫೋಟೊ: ಹೋಗಿ ಬಂದವರು ಹೇಳಿ

ಪ್ರಶ್ನೆ: ಜೂನ್‌ನಲ್ಲಿ ಹತ್ತು ದಿನ ಟೋಕಿಯೊ, ಆಮೇಲೆ ಕ್ಯೋಟೊ. ಗುಡಿ, ಗೋಪುರದ ಫೋಟೊ ಬೇಡ. ಅಲ್ಲಿನ ಜನ ದಿನಾ ಬದುಕುವ ರೀತಿ ಸಿಗಬೇಕು. ಯಾರಿಗೂ ಬೇಜಾರಾಗದ ಹಾಗೆ ತೆಗೆಯುವುದು ಹೇಗೆ?

ಉತ್ತರ: ನಾನು ಮೊದಲ ಎರಡು ದಿನ ಶಿಬುಯಾ ಕ್ರಾಸಿಂಗ್‌ನಲ್ಲೇ ಕಳೆದೆ, ಜನ ಗುಂಪುಗುಂಪಾಗಿ ರಸ್ತೆ ದಾಟುವ ಜಾಗ ಅದು. ರಾಶಿ ಫೋಟೊ ಬಂದವು, ಎಲ್ಲದರಲ್ಲೂ ಬರೀ ಗುಂಪು. ಮೂರನೇ ದಿನ ಮಿನೊವಾಬಾಶಿಗೆ ಹೋದೆ. ಅರಕಾವಾ ಟ್ರಾಮ್ ಅಲ್ಲಿಂದಲೇ ಹೊರಡುತ್ತದೆ, ವಾಸೆದಾವರೆಗೆ ಸುಮಾರು 12 ಕಿ.ಮೀ. ಮನೆಗಳ ಹಿತ್ತಿಲಿಗೆ ಅಂಟಿಕೊಂಡ ಹಾಗೆ ಓಡುತ್ತದೆ. ನಿಲ್ದಾಣದ ಪಕ್ಕದಲ್ಲೇ ಸೂರು ಹೊದಿಸಿದ ಪೇಟೆ ಬೀದಿ ಇದೆ. ಅಲ್ಲೊಬ್ಬ ಅಜ್ಜಿ ಕೊರೊಕ್ಕೆ ಅನ್ನುವ, ಆಲೂಗಡ್ಡೆ ಬೋಂಡಾದಂಥ ತಿಂಡಿ ಕರಿಯುತ್ತಿದ್ದರು. ಒಂದು ಕೊಂಡು ತಿಂದೆ. ಆಮೇಲೆ ಕ್ಯಾಮೆರಾ ತೋರಿಸಿ, "ಶಾಶಿನ್, ಈ ದೆಸ್ ಕಾ?" ಅಂದೆ. ಫೋಟೊ ತೆಗೀಬಹುದಾ ಅಂತ. ಅಜ್ಜಿ ಕೈ ಒರೆಸಿಕೊಂಡು, ತಲೆಬಟ್ಟೆ ಸರಿಮಾಡಿ, ನೆಟ್ಟಗೆ ನಿಂತುಬಿಟ್ಟರು! ಆ ಫೋಟೊವನ್ನೂ ಪ್ರೀತಿಯಿಂದ ತೆಗೆಯಿರಿ. ಆದರೆ ತಕ್ಷಣ ಹೊರಡಬೇಡಿ. ಐದು ನಿಮಿಷದಲ್ಲಿ ಅವರು ನನ್ನನ್ನು ಮರೆತು ಬಾಣಲೆ ಕಡೆ ಬಾಗಿದರು. ನನಗೆ ಬೇಕಾಗಿದ್ದ ಫೋಟೊ ಸಿಕ್ಕಿದ್ದು ಆಗಲೇ.

ಉತ್ತರ: ಜೂನ್ ಅಂದರೆ ಅಲ್ಲಿ ಮಳೆಗಾಲ, ತ್ಸುಯು ಅನ್ನುತ್ತಾರೆ. ಬೇಜಾರು ಮಾಡ್ಕೋಬೇಡಿ, ಅದೇ ನಿಮ್ಮ ಅದೃಷ್ಟ. ಜಾಸ್ತಿ ಜನ ಪಾರದರ್ಶಕ ಪ್ಲಾಸ್ಟಿಕ್ ಛತ್ರಿ ಹಿಡಿಯುತ್ತಾರೆ. ಹನಿಗಳ ಹಿಂದೆ ಮುಖ, ಅದರ ಮೇಲೆ ಅಂಗಡಿಯ ದೀಪದ ಬಣ್ಣ. ಸಂಜೆ ಸುಮ್ನೆ ಒಂದು ಸಿಗ್ನಲ್ ಹತ್ತಿರ ನಿಲ್ಲಿ. ಲೆನ್ಸ್ ಒರೆಸಲು ಎರಡು ಬಟ್ಟೆ ಇರಲಿ.

ಉತ್ತರ: ಕ್ಯೋಟೊದಲ್ಲಿ ಗೇಶಾಗಳ (ಹಾಡು, ಕುಣಿತದ ಸಾಂಪ್ರದಾಯಿಕ ಕಲಾವಿದೆಯರು) ಹಳೇ ಬಡಾವಣೆ ಗಿಯೋನ್‌ನಲ್ಲಿ ಹುಷಾರು. ಅಲ್ಲಿನ ಖಾಸಗಿ ಓಣಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ದಂಡ ಅಂತ 2019ರಿಂದ ಫಲಕ ಇದೆ. 2024ರಲ್ಲಿ ಕೆಲವು ಓಣಿಗೆ ಪ್ರವಾಸಿಗರು ಬರಲೇಬಾರದು ಅಂತ ಅಲ್ಲಿನವರು ಅಂದರು. ಗೇಶಾಗಳನ್ನು ಅಟ್ಟಿಸಿಕೊಂಡು ಹೋದವರಿಂದ ಬಂದ ಪಾಡು ಇದು, ನೆನೆದರೆ ನನಗೆ ಸಿಟ್ಟೇ ಬರುತ್ತದೆ. ಇನ್ನೊಂದು ಮಾತು. ಕದ್ದು ಫೋಟೊ ತೆಗೆಯುವುದನ್ನು ತಡೆಯಲು ಅಲ್ಲಿ ಮಾರುವ ಫೋನ್‌ಗಳಲ್ಲಿ ಶಟರ್ ಸದ್ದು ಬಂದೇ ಬರುತ್ತದೆ. ನಿಮ್ಮ ಕ್ಯಾಮೆರಾದ ಸದ್ದನ್ನೂ ಹಾಗೇ ಬಿಡಿ. ಹಳದಿ ಟೋಪಿ ಹಾಕಿ ಶಾಲೆಗೆ ಹೋಗುವ ಪುಟ್ಟ ಮಕ್ಕಳು ಎಷ್ಟೇ ಮುದ್ದಾಗಿ ಕಂಡರೂ ಮುಖ ತೆಗೆಯಬೇಡಿ. ಯಾರಾದರೂ ಅಳಿಸಿ ಅಂದರೆ ಅವರೆದುರೇ ಅಳಿಸಿ.

ಉತ್ತರ: ರೈಲು ನಿಲ್ದಾಣ ಬಿಡಬೇಡಿ. ಫ್ಲ್ಯಾಶ್ ಮಾತ್ರ ಬೇಡ. ಬಿಳಿ ಗ್ಲೌಸ್ ಹಾಕಿದ ಸಿಬ್ಬಂದಿ ಸಿಗ್ನಲ್ ಕಡೆ ಬೆರಳು ಚಾಚಿ, ಸರಿ ಇದೆ ಅಂತ ಬಾಯಿಬಿಟ್ಟು ಹೇಳುತ್ತಾರೆ. ತಪ್ಪಾಗದಿರಲಿ ಅಂತ ಈ ರೂಢಿ. ಒಮ್ಮೆ ರಾತ್ರಿ ಕೊನೇ ರೈಲು ಹೋದ ಮೇಲೂ ನೋಡಿದೆ. ಪ್ಲಾಟ್‌ಫಾರ್ಮ್‌ನಲ್ಲಿ ನಾನು, ಒಬ್ಬ ಸಿಬ್ಬಂದಿ, ಇಬ್ಬರೇ. ಆತ ಖಾಲಿ ಹಳಿಯ ಕಡೆ ಬೆರಳು ತೋರಿಸಿ, ಅಷ್ಟೇ ಗಟ್ಟಿಯಾಗಿ ಹೇಳಿದ.